ಗೋಡೆ ಓದುತ್ತಿತ್ತು, ಅವಳಲ್ಲ

ಹೋದ ವಾರ ತಂಗಿ ಒಂದು ರೀಲ್ ಕಳಿಸಿದ್ದಳು. ಯಾವುದೋ ಶಾಲೆಯ ಒಂದನೇ ತರಗತಿ. ಬಾಗಿಲಿಗೆ ಕಾಗದದ ಮಾವಿನ ಮರ, ಸೂರಿನಿಂದ ಇಳಿಬಿದ್ದ ಮೋಡಗಳು, ನಾಲ್ಕೂ ಗೋಡೆಗೆ ಹೊಳೆಯುವ ಚಾರ್ಟು. ಕೆಳಗೆ ತಂಗಿ ಬರೆದಿದ್ದಳು: "ಅಕ್ಕಾ, ನಿನ್ನ ಕ್ಲಾಸೂ ಹಿಂಗೇ ಇತ್ತಲ್ವಾ? ಯಾಕೆ ಎಲ್ಲಾ ತೆಗೆದುಬಿಟ್ಟೆ?"

ಬೆಂಗಳೂರಿನ ಅವಳ ಆಫೀಸಿನಿಂದ ಬಂದ ಆ ಒಂದು ಸಾಲಿಗೆ ಉತ್ತರ ಟೈಪ್ ಮಾಡೋಕೆ ಹೋದೆ. ಮೂರು ಸಲ ಬರೆದು ಮೂರು ಸಲ ಅಳಿಸಿದೆ. ವಾಟ್ಸ್ಆ್ಯಪ್‌ನಲ್ಲಿ ಮುಗಿಯುವ ಮಾತಲ್ಲ ಅದು. ಹಾಗಾಗಿ ಈ ಸಲದ ಅಂಕಣವೇ ಅವಳಿಗೆ ಉತ್ತರ.

ಹೊಸಬರಿಗೆ ಒಂದು ಮಾತು. ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ಮಿಸ್. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ನಾನು ಹೇಳಹೊರಟ ವರ್ಷ 22 ಮಕ್ಕಳಿದ್ದರು.

ಅದು ನನ್ನ ಕೆಲಸದ ಮೊದಲ ವರ್ಷ. ಮೊದಲ ಸಂಬಳ ಬಂದಾಗ ಅಮ್ಮನಿಗೆ ಸೀರೆ ತಂದೆ. ಉಳಿದಿದ್ದರಲ್ಲಿ 4,200 ರೂಪಾಯಿ ಕ್ಲಾಸಿಗೆ ಸುರಿದೆ. ಬಣ್ಣದ ಕಾಗದ, ಥರ್ಮಾಕೋಲ್, ಲ್ಯಾಮಿನೇಶನ್, ಡಬಲ್ ಟೇಪು. ಐದು ಭಾನುವಾರ ಮನೆಯ ಹಾಲ್‌ನಲ್ಲಿ ಕೂತು ಕತ್ತರಿಸಿದ್ದೇ ಕತ್ತರಿಸಿದ್ದು. ಅಪ್ಪ ದಾಟಿಕೊಂಡು ಓಡಾಡುತ್ತಾ, "ಇದೇನು ಮದುವೆ ಮಂಟಪಾನಾ?" ಅಂತಿದ್ದರು.

ನಿಜಕ್ಕೂ ಮಂಟಪದ ಹಾಗೇ ಆಯ್ತು. ಭೇಟಿಗೆ ಬಂದ ಅಧಿಕಾರಿಯೊಬ್ಬರು ಬಾಗಿಲಲ್ಲೇ ನಿಂತು ಚಪ್ಪಾಳೆ ತಟ್ಟಿದರು. ಪಕ್ಕದ ಊರಿನ ಶಿಕ್ಷಕರು ಬಂದು ಫೋಟೊ ತೆಗೆದುಕೊಂಡು ಹೋದರು. ನನ್ನ ಡಿಪಿ ಕೂಡ ಆ ಗೋಡೆಯೇ ಆಗಿತ್ತು.

ಆ ಗೋಡೆಯ ನಡುವೆ ಒಂದು ದೊಡ್ಡ ಚಾರ್ಟು ಇತ್ತು. ನಲಿ-ಕಲಿಯಲ್ಲಿ ನಾವು ಅ, ಆ, ಇ, ಈ ಎಂದು ಶುರು ಮಾಡೋದಿಲ್ಲ. ಮೊದಲು ಬರೋದು ರ, ಗ, ಸ, ದ, ಅ. ಕಾರಣ ಸರಳ. ಈ ಐದೇ ಅಕ್ಷರ ಬಂದರೆ ಮಗು ಪದ ಓದೋಕೆ ಶುರು ಮಾಡಬಹುದು: ಸರ, ರಸ, ದರ, ಅರಸ, ಅಗಸ, ಗರಗಸ. ನನ್ನ ಚಾರ್ಟಿನಲ್ಲಿ ಒಂದೊಂದು ಅಕ್ಷರದ ಪಕ್ಕ ಒಂದೊಂದು ಚಿತ್ರ. ರ ಪಕ್ಕ ರಥ, ಗ ಪಕ್ಕ ಗರಗಸ, ಸ ಪಕ್ಕ ಸರ, ದ ಪಕ್ಕ ದನ, ಅ ಪಕ್ಕ ಕಿರೀಟ ಇಟ್ಟ ಅರಸ.

ಎರಡನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಹೆಸರು ಬೇಡ. ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಎರಡು ಜಡೆ, ತುಂಬಾ ಮೆತ್ತಗಿನ ದನಿ. ಗಲಾಟೆ ಇಲ್ಲ, ಜಗಳ ಇಲ್ಲ, ಬರವಣಿಗೆ ದುಂಡಗೆ. "ಅವಳ ಬಗ್ಗೆ ಚಿಂತೆ ಇಲ್ಲ" ಅಂತ ನಾನೇ ನನ್ನ ಮನಸ್ಸಿನಲ್ಲಿ ಅವಳ ಹೆಸರಿಗೆ ಟಿಕ್ ಹಾಕಿಬಿಟ್ಟಿದ್ದೆ.

ದಸರಾ ರಜೆ ಮುಗಿದ ವಾರ ಜೋರು ಮಳೆ. ಹೆಂಚು ಸರಿದು ಗೋಡೆ ಪೂರ್ತಿ ನೀರು. ಬೆಳಗ್ಗೆ ಬಂದವಳೇ ಅಳು ನುಂಗಿಕೊಂಡು ಎಲ್ಲಾ ಚಾರ್ಟು ಕಿತ್ತು ಮೂಲೆಯಲ್ಲಿ ಒಣಗೋಕೆ ಇಟ್ಟೆ. ಬೋಳು ಗೋಡೆ. ಪಾಠ ನಿಲ್ಲಿಸೋ ಹಾಗಿಲ್ಲವಲ್ಲ, ಕಪ್ಪುಹಲಗೆ ಮೇಲೆ "ಸರ" ಅಂತ ಬರೆದು ಅವಳನ್ನ ಕರೆದೆ. ಸುಲಭದ ಪದ, ಬೇಗ ಹೇಳ್ತಾಳೆ, ಮುಂದೆ ಹೋಗೋಣ ಅಂತ.

ಅವಳು ಹಲಗೆ ನೋಡಲಿಲ್ಲ. ತಿರುಗಿ ಗೋಡೆ ನೋಡಿದಳು. ಚಾರ್ಟು ಇದ್ದ ಜಾಗ. ಅಲ್ಲಿ ಒದ್ದೆ ಕಲೆ ಬಿಟ್ಟರೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನೋಡ್ತಾ ನಿಂತಳು. ಆಮೇಲೆ ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ಸಿಕ್ಕಿಬಿದ್ದ ನಾಚಿಕೆ ಇತ್ತು. ಏಳು ವರ್ಷದ ಮಗುವಿನ ಮುಖದಲ್ಲಿ ಅದನ್ನ ನೋಡಬಾರದು.

ಅವತ್ತು ಮಧ್ಯಾಹ್ನ ಬಿಸಿಯೂಟ ಆದ ಮೇಲೆ ಪಕ್ಕ ಕೂರಿಸಿಕೊಂಡು ಒಂದೊಂದೇ ಅಕ್ಷರ ಚೀಟಿಯಲ್ಲಿ ಬರೆದು ತೋರಿಸಿದೆ. ಐದರಲ್ಲಿ ಒಂದೂ ಬರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಇಷ್ಟು: ಮೊದಲನೆಯದು ರಥ, ಎರಡನೆಯದು ಗರಗಸ, ಮೂರನೆಯದು ಸರ. ಇಷ್ಟು ದಿನ ಹಲಗೆ ಮೇಲಿನ ಆಕಾರವನ್ನ ಚಾರ್ಟಿನಲ್ಲಿ ಹುಡುಕಿ, ಪಕ್ಕದ ಚಿತ್ರ ನೋಡಿ ಹೇಳುತ್ತಿದ್ದಳು. ಗುಂಪಿನಲ್ಲಿ ಕೂತಾಗ ಪಕ್ಕದವಳ ತುಟಿ ನೋಡುತ್ತಿದ್ದಳು. ಓದುತ್ತಿದ್ದದ್ದು ಗೋಡೆ, ಅವಳಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ನನಗೆ ಅದು ಕಾಣಲೇ ಇಲ್ಲ. ನಾನೇ ಕಟ್ಟಿದ ಗೋಡೆ ಅಲ್ವಾ, ನನಗೆ ಅದೇ ಕಾಣಿಸುತ್ತಿತ್ತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. 4,200 ರೂಪಾಯಿ ಹೋಯ್ತು ಅನ್ನೋ ಸಂಕಟ ಅಲ್ಲ. ಆ ಮಗುವಿನ ನಾಲ್ಕು ತಿಂಗಳು ಯಾರು ವಾಪಸ್ ಕೊಡ್ತಾರೆ?

ಆಮೇಲೆ ಓದಿದ ಒಂದು ವಿಷಯ ಹೇಳ್ತೀನಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆನಾ ಫಿಶರ್ ಮತ್ತು ಸಂಗಡಿಗರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 24 ಕಿಂಡರ್‌ಗಾರ್ಟನ್ ಮಕ್ಕಳಿಗೆ ಕೆಲವು ಪಾಠ ತುಂಬಾ ಅಲಂಕಾರ ಮಾಡಿದ ಕೋಣೆಯಲ್ಲಿ, ಕೆಲವು ಪಾಠ ಬೋಳು ಗೋಡೆಯ ಕೋಣೆಯಲ್ಲಿ. ಪಾಠದ ನಂತರದ ಪರೀಕ್ಷೆಯಲ್ಲಿ ಬೋಳು ಕೋಣೆಯ ಪಾಠಗಳಲ್ಲಿ ಸರಿ ಉತ್ತರ ಶೇ. 55, ಅಲಂಕಾರದ ಕೋಣೆಯಲ್ಲಿ ಶೇ. 42. ಅಲಂಕಾರದ ಕೋಣೆಯಲ್ಲಿ ಮಕ್ಕಳ ಗಮನ ಬೇರೆಡೆ ಹೋದ ಸಮಯವೂ ಜಾಸ್ತಿ. ಚಿಕ್ಕ ಅಧ್ಯಯನ, ಅದರ ಮೇಲೆ ಇಡೀ ಶಾಲೆ ಕಟ್ಟೋಕಾಗಲ್ಲ. ಗೋಡೆ ಪೂರ್ತಿ ಬೋಳಾಗಿರಲಿ ಅಂತಲೂ ನಾನು ಹೇಳ್ತಿಲ್ಲ. ಆದರೆ ನನ್ನ ಕ್ಲಾಸಲ್ಲಿ ಮಳೆ ತೋರಿಸಿಕೊಟ್ಟಿದ್ದಕ್ಕೆ ಅದು ತುಂಬಾ ಹತ್ತಿರ ಇತ್ತು.

ವಿಚಿತ್ರ ಅಂದ್ರೆ, ಇದಕ್ಕೆ ಉತ್ತರ ನಮ್ಮ ನಲಿ-ಕಲಿಯಲ್ಲೇ ಇತ್ತು. ನಾನೇ ಅದನ್ನ ಚಾರ್ಟಿನ ಹಿಂದೆ ಮುಚ್ಚಿಟ್ಟಿದ್ದೆ.

ನಲಿ-ಕಲಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳಲ್ಲಿ ನಡೆಯುತ್ತಿದ್ದ ಕಾರ್ಡು ಪದ್ಧತಿಯನ್ನ ನಮ್ಮ ಶಿಕ್ಷಕರು ನೋಡಿ ಬಂದು, ಯುನಿಸೆಫ್ ನೆರವಿನಿಂದ ಇಲ್ಲಿಗೆ ಹೊಂದಿಸಿಕೊಂಡರು. 2009ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅದರ ಜೋಡಣೆ ನೋಡಿ. ಕಲಿಕಾ ಏಣಿ ನೋಡಿ ಮಗು ತಾನು ಯಾವ ಮೆಟ್ಟಿಲಲ್ಲಿದೆ ಅಂತ ತಾನೇ ಹುಡುಕುತ್ತೆ. ಗುರುತಿನ ಚಿತ್ರ ನೋಡಿ ಕಾರ್ಡನ್ನ ತಾನೇ ತೆಗೆಯುತ್ತೆ. ಗೋಡೆಯ ಕೆಳಗೆ, ಮಗು ಕೂತರೂ ಎಟುಕುವ ಹಾಗೆ ಕಪ್ಪುಹಲಗೆ. ತಲೆ ಮೇಲೆ ದಾರದ ಚಪ್ಪರ, ಅಲ್ಲಿ ತೂಗೋದು ಮಕ್ಕಳು ಮಾಡಿದ್ದು, ಮಿಸ್ ಮಾಡಿದ್ದಲ್ಲ. ಎಲ್ಲವೂ ಮಗುವಿನ ಕೈ ಎತ್ತರಕ್ಕೆ. ನಾನು ಮಾತ್ರ ಎಲ್ಲವನ್ನೂ ಭೇಟಿಗೆ ಬರುವವರ ಕಣ್ಣೆತ್ತರಕ್ಕೆ ಹಾಕಿದ್ದೆ.

ಹಾಗಾಗಿ ಒಣಗಿದ ಚಾರ್ಟುಗಳನ್ನ ವಾಪಸ್ ಹಾಕುವ ಮುನ್ನ ಒಂದೊಂದಕ್ಕೂ ಮೂರು ಪ್ರಶ್ನೆ ಕೇಳಿದೆ. ಇದು ಮಗುವಿನ ಕೈಗೆ ಎಟುಕುತ್ತಾ? ಇದನ್ನ ಹಿಡಿದು ಮಗು ಏನಾದರೂ ಮಾಡುತ್ತಾ? ಕಲಿತ ಮೇಲೆ ಇದನ್ನ ತೆಗೆದುಬಿಡಬಹುದಾ? ಮೂರಕ್ಕೂ ಹೌದು ಅಂದದ್ದು ಎರಡೇ ಎರಡು. ಉಳಿದದ್ದೆಲ್ಲಾ ಬೀರು ಮೇಲೆ ಹೋಯ್ತು.

ಆಮೇಲೆ ಏನು ಮಾಡಿದೆ ಅಂತ ಈಗ ಹೇಳ್ತೀನಿ. ನಿಮ್ಮಲ್ಲಿ ಹೊಸದಾಗಿ ಶಿಕ್ಷಕರಾದವರಿಗೆ ನೇರ ಉಪಯೋಗ. ಮನೆಯಲ್ಲಿ ಆರೇಳು ವರ್ಷದ ಮಗು ಇದ್ದವರಿಗೂ ಆಗುತ್ತೆ.

ಲಗ್ನಪತ್ರಿಕೆ. ನಮ್ಮ ಮನೆಗಳಲ್ಲಿ ಇದಕ್ಕಿಂತ ಗಟ್ಟಿ ಕಾಗದ ಬೇರೆ ಇಲ್ಲ. ಹಿಂಬದಿ ಖಾಲಿ. ಒಂದು ಪತ್ರಿಕೆಯಿಂದ ಆರು ಕಾರ್ಡು ಆರಾಮಾಗಿ ಬರುತ್ತೆ. ರ, ಗ, ಸ, ದ, ಅ ಎರಡೆರಡು ಸಲ ಬರೆದು ಬೆಂಕಿಪೊಟ್ಟಣಕ್ಕೆ ಹಾಕಿದೆ. ಮಗುವಿಗೊಂದು ಪೊಟ್ಟಣ. ಚಿತ್ರ ಇಲ್ಲ, ಜಾಗ ಬದಲಾಗ್ತಾ ಇರುತ್ತೆ, ಹಾಗಾಗಿ ಬಾಯಿಪಾಠ ನಡೆಯಲ್ಲ. ಐದು ಬಂದ ಮೇಲೆ ಮುಂದಿನ ಐದು: ಜ, ವ, ಮ, ಬ, ನ. ಪೊಟ್ಟಣ ತುಂಬುತ್ತಾ ಹೋದ ಹಾಗೆ ಮಗುವಿಗೆ ತನ್ನ ಆಸ್ತಿ ಬೆಳೀತಿದೆ ಅನ್ನೋ ಖುಷಿ.

ರಾಗಿ ತಟ್ಟೆ. ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ರಾಗಿ ಹರಡಿ ಬೆರಳಲ್ಲಿ ಅಕ್ಷರ ಬರೆಯೋದು. ಅಕ್ಕಿಯಲ್ಲಿ ಅಕ್ಷರಾಭ್ಯಾಸ ಮಾಡಿಸಿದ ನಮ್ಮ ಅಜ್ಜಿಯರಿಗೆ ಇದು ಹೊಸದಲ್ಲ. ತಪ್ಪಾದರೆ ತಟ್ಟೆ ಅಲ್ಲಾಡಿಸಿದರೆ ಸಾಕು, ತಪ್ಪು ಮಾಯ. ರಬ್ಬರ್ ಗುರುತೂ ಇಲ್ಲ, ಕೆಂಪು ಶಾಯಿಯೂ ಇಲ್ಲ. ತಪ್ಪಿಗೆ ಹೆದರುವ ಮಕ್ಕಳಿಗೆ ಇದು ದೊಡ್ಡ ಸಮಾಧಾನ.

ಹುಣಸೆ ಬೀಜ. ಚೌಕಾಬಾರಕ್ಕೆ ಉಜ್ಜುತ್ತೀವಲ್ಲ, ಹಾಗೆ ಹತ್ತು ಬೀಜವನ್ನ ಒಂದು ಬದಿ ಬೆಳ್ಳಗಾಗುವಷ್ಟು ಕಲ್ಲಿಗೆ ಉಜ್ಜಿ. ಮಗು ಕೈಯಲ್ಲಿ ಕುಲುಕಿ ಎಸೆಯಲಿ. ಬಿಳಿ ಎಷ್ಟು, ಕಪ್ಪು ಎಷ್ಟು? 7 ಮತ್ತು 3, 4 ಮತ್ತು 6. ಪ್ರತಿ ಎಸೆತಕ್ಕೂ ಹತ್ತು ಬೇರೆ ಥರ ಒಡೆಯುತ್ತೆ. ವಾರದಲ್ಲಿ ಮಕ್ಕಳು ಬಿಳಿ ಎಣಿಸಿ ಕಪ್ಪನ್ನ ನೋಡದೇ ಹೇಳೋಕೆ ಶುರು ಮಾಡ್ತಾರೆ. ಅದೇ ಕೂಡೋದು, ಅದೇ ಕಳೆಯೋದು.

ಮೊಟ್ಟೆ ಟ್ರೇ. 30 ಗುಳಿಯ ಟ್ರೇ ಕತ್ತರಿಸಿದರೆ ಹತ್ತು ಗುಳಿಯ ಮೂರು ತುಂಡು, ಎರಡು ಸಾಲು, ಸಾಲಿಗೆ ಐದು. ಅದರಲ್ಲಿ ಎಂಟು ಹೊಂಗೆ ಬೀಜ ಇಟ್ಟರೆ ಹತ್ತಕ್ಕೆ ಎರಡು ಕಡಿಮೆ ಅಂತ ಕಣ್ಣಿಗೇ ಕಾಣುತ್ತೆ. ಹತ್ತು ದಾಟಿದ ಮೇಲೆ ತೆಂಗಿನಗರಿ ಕಡ್ಡಿ: ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್, ಒಂದು ಕಟ್ಟು. 34 ಅಂದ್ರೆ ಮೂರು ಕಟ್ಟು, ನಾಲ್ಕು ಬಿಡಿ. 34ರಲ್ಲಿ 8 ಕಳೀಬೇಕಾದಾಗ ಮಗು ತಾನೇ ಒಂದು ಕಟ್ಟು ಬಿಚ್ಚುತ್ತೆ. "ದಶಕ ತಗೋ" ಅಂತ ನಾವು ಕಿರುಚೋದು ತಪ್ಪುತ್ತೆ.

ಇವು ಸಾಮಾನು. ಆದರೆ ನನ್ನನ್ನ ಉಳಿಸಿದ್ದು ಸಾಮಾನಲ್ಲ, ಅದನ್ನ ಇಡುವ ರೀತಿ.

ಕಪಾಟಿನ ಕೆಳಗಿನ ಎರಡು ಹಲಗೆ ಮಕ್ಕಳಿಗೆ ಬಿಟ್ಟೆ. ಡಬ್ಬಿ ಇಡುವ ಜಾಗದಲ್ಲಿ ಸೀಮೆಸುಣ್ಣದಿಂದ ಅದರ ತಳದ ಆಕಾರ ಬರೆದೆ. ಮಕ್ಕಳು ಅದಕ್ಕೆ "ನೆರಳು" ಅಂತ ಹೆಸರಿಟ್ಟರು. ಆಟ ಮುಗಿದ ಮೇಲೆ ಡಬ್ಬಿ ತನ್ನ ನೆರಳಿಗೆ ಹೋಗಬೇಕು. ಖಾಲಿ ನೆರಳು ಕಂಡರೆ ಯಾವುದೋ ಡಬ್ಬಿ ಮನೆಗೆ ಬಂದಿಲ್ಲ ಅಂತ ಅರ್ಥ. ನಾನು ಹುಡುಕೋದು ನಿಂತೇ ಹೋಯ್ತು.

ಪೆನ್ಸಿಲ್‌ಗೆ ಎರಡು ಲೋಟ: ಚೂಪಾದದ್ದು ಒಂದರಲ್ಲಿ, ಮೊಂಡಾದದ್ದು ಇನ್ನೊಂದರಲ್ಲಿ. ಮೊಂಡಾದರೆ ಹಾಕು, ಚೂಪಾದದ್ದು ತಗೋ. "ಮಿಸ್, ಪೆನ್ಸಿಲ್ ಮುರೀತು" ಅನ್ನೋದು ದಿನಕ್ಕೆ ಎಷ್ಟು ಸಲ ಅಂತ ಎಣಿಸಿದವರಿಗೇ ಇದರ ಸುಖ ಗೊತ್ತು.

ಹಾಜರಿಗೆ ಹಳೇ ಸೀರೆಯಲ್ಲಿ ಹೊಲಿದ ಎರಡು ಜೇಬಿನ ಪಟ್ಟಿ. ಎಡಗಡೆ "ಮನೆ", ಬಲಗಡೆ "ಶಾಲೆ". ಮಗು ಬಂದ ತಕ್ಷಣ ತನ್ನ ಹೆಸರಿನ ಚೀಟಿ ಹುಡುಕಿ ಮನೆಯಿಂದ ಶಾಲೆಗೆ ಹಾಕಬೇಕು. ಪ್ರತಿದಿನ ಬೆಳಗ್ಗೆ 22 ಮಕ್ಕಳೂ 22 ಹೆಸರಿನ ನಡುವೆ ತಮ್ಮದನ್ನ ಓದುತ್ತಾರೆ. ಮೂರು ವಾರದಲ್ಲಿ ಗೆಳೆಯರ ಹೆಸರೂ ಓದೋಕೆ ಬಂತು.

ಕೊನೆಯದು ಮುಚ್ಚಳ. ಇದು ಅವಳಿಗಾಗಿಯೇ ಮಾಡಿದ್ದು. ಸೋಡಾ ಬಾಟಲಿಯ ಮುಚ್ಚಳದ ಒಳಭಾಗಕ್ಕೆ ಕೆಂಪು ಬಣ್ಣ ಬಳಿದು ಮಗುವಿಗೊಂದರಂತೆ ಕೊಟ್ಟೆ. ಗೊತ್ತಿದ್ದರೆ ಮುಚ್ಚಳ ಬೋರಲು. ಗೊತ್ತಾಗಲಿಲ್ಲ ಅಂದ್ರೆ ಕೆಂಪು ಮೇಲೆ. ಕೈ ಎತ್ತೋದು ಬೇಡ, ಎಲ್ಲರೆದುರು "ನಂಗೆ ಬರಲ್ಲ" ಅನ್ನೋದೂ ಬೇಡ. ನಾನು ಓಡಾಡ್ತಾ ಕೆಂಪು ಕಂಡಲ್ಲಿ ಕೂತುಕೊಳ್ತೀನಿ, ಅಷ್ಟೇ.

ಮೊದಲ ದಿನವೇ ಗಲಾಟೆ ಹುಡುಗರ ಮುಚ್ಚಳ ಎಲ್ಲಾ ಕೆಂಪು. ಮಿಸ್ ಪಕ್ಕ ಬಂದು ಕೂರಲಿ ಅಂತ. ಅವಳದು ಮಾತ್ರ ಬೋರಲು. ಮರುದಿನವೂ ಹಾಗೇ. ಒಂದು ವಾರ ದಾಟಿತು. ನಾನು ನೋಡ್ತಿದ್ದೆ, ಕೇಳಲಿಲ್ಲ. ಕೇಳಿದ್ದರೆ "ಬರುತ್ತೆ ಮಿಸ್" ಅಂತಿದ್ದಳು.

ಹನ್ನೊಂದನೇ ದಿನ ಅವಳ ಬಳಿ ಹಾದುಹೋಗುವಾಗ ಮುಚ್ಚಳ ತಿರುಗಿತ್ತು. ಅದರ ಮೇಲೆ ಅಂಗೈ ಅರ್ಧ ಮುಚ್ಚಿಕೊಂಡಿದ್ದಳು, ನನಗೆ ಕಾಣಲಿ, ಬೇರೆಯವರಿಗೆ ಕಾಣದಿರಲಿ ಅನ್ನೋ ಹಾಗೆ. ಪಕ್ಕ ಕೂತೆ. ಬೆಂಕಿಪೊಟ್ಟಣದಿಂದ ಗ ಮತ್ತು ರ ತೆಗೆದು, "ಇವೆರಡೂ ನಂಗೆ ಒಂದೇ ಥರ ಕಾಣ್ತವೆ" ಅಂದಳು. ಅವಳು ಆ ವರ್ಷ ನನಗೆ ಹೇಳಿದ ಅತ್ಯಂತ ಉದ್ದದ ವಾಕ್ಯ ಅದು. ಇಬ್ಬರೂ ರಾಗಿ ತಟ್ಟೆ ತಂದು ಹತ್ತು ಸಲ ಬರೆದೆವು, ಹತ್ತು ಸಲ ಅಲ್ಲಾಡಿಸಿ ಅಳಿಸಿದೆವು.

ಆಮೇಲೆ ಪವಾಡ ಏನೂ ಆಗಲಿಲ್ಲ. ಬೇಸಿಗೆ ರಜೆಯ ಹೊತ್ತಿಗೆ ಅವಳು ಒತ್ತಕ್ಷರ ಇಲ್ಲದ ಚಿಕ್ಕ ಚಿಕ್ಕ ವಾಕ್ಯ ಓದುತ್ತಿದ್ದಳು, ಬೆರಳಿಟ್ಟು, ನಿಧಾನವಾಗಿ. ಓರಗೆಯವರು ಅವಳಿಗಿಂತ ಮುಂದಿದ್ದರು. ಆ ನಾಲ್ಕು ತಿಂಗಳು ಪೂರ್ತಿ ವಾಪಸ್ ಬರಲಿಲ್ಲ. ಅದನ್ನ ಸಿಹಿ ಮಾಡಿ ಹೇಳೋಕೆ ನನಗೆ ಇಷ್ಟ ಇಲ್ಲ.

ಆದರೆ ಮರುವರ್ಷ ಜೂನ್‌ನಲ್ಲಿ ಒಂದು ದಿನ, ಒಂದನೇ ತರಗತಿಗೆ ಹೊಸದಾಗಿ ಬಂದ ಪೋರನೊಬ್ಬ ಪೊಟ್ಟಣ ಚೆಲ್ಲಿಕೊಂಡು ಅಳುತ್ತಿದ್ದ. ನಾನು ಏಳುವಷ್ಟರಲ್ಲಿ ಅವಳು ಅಲ್ಲಿ ಕೂತಾಗಿತ್ತು. ಒಂದೊಂದೇ ಚೀಟಿ ಎತ್ತಿ ಕೊಡ್ತಾ ಅಕ್ಷರ ಹೇಳ್ತಿದ್ದಳು. ಆಮೇಲೆ ಅವನ ಮುಚ್ಚಳ ತೆಗೆದುಕೊಂಡು ಕೆಂಪು ಮೇಲೆ ಬರುವ ಹಾಗೆ ಇಟ್ಟು, "ಹಿಂಗಿಡು. ಮಿಸ್ ಬೈಯಲ್ಲ" ಅಂದಳು.

ತಂಗೀ, ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತಾ? ಈಗ ಕ್ಲಾಸಿನ ಫೋಟೊ ತೆಗೆದರೆ ಅಷ್ಟೇನೂ ಚೆನ್ನಾಗಿ ಬರಲ್ಲ. ಬೆಂಕಿಪೊಟ್ಟಣ, ಮೊಟ್ಟೆ ಟ್ರೇ, ಹಳೇ ಸೀರೆ. ಚಪ್ಪರದಲ್ಲಿ ಮಕ್ಕಳ ಸೊಟ್ಟ ಸೊಟ್ಟ ಚಿತ್ರ. ಎಲ್ಲಾ ಸೇರಿ ನನ್ನ ಕೈಯಿಂದ ಹೋದದ್ದು 180 ರೂಪಾಯಿ, ಅದೂ ಹೆಚ್ಚಿನದು ಬಣ್ಣಕ್ಕೆ ಮತ್ತು ರಬ್ಬರ್ ಬ್ಯಾಂಡಿಗೆ.

ಓದುತ್ತಿರುವ ನಿಮಗೂ ಒಂದು ಮಾತು. ನಿಮ್ಮೂರ ಶಾಲೆಗೆ ಏನಾದರೂ ಕೊಡಬೇಕು ಅಂತ ಅನ್ನಿಸಿದಾಗ ಆನ್‌ಲೈನಲ್ಲಿ ಹೊಳೆಯುವ ಚಾರ್ಟ್ ಸೆಟ್ ಆರ್ಡರ್ ಮಾಡುವ ಮುಂಚೆ ಅಲ್ಲಿನ ಶಿಕ್ಷಕರಿಗೆ ಒಂದು ಫೋನ್ ಮಾಡಿ, ಏನು ಬೇಕು ಅಂತ ಕೇಳಿ. ಮನೆಯಲ್ಲಿ ಉಳಿದ ಲಗ್ನಪತ್ರಿಕೆ ಎಸೀಬೇಡಿ, ಕಟ್ಟಿ ಕಳಿಸಿ. ಮದುವೆ ಸೀಸನ್ ಮುಗಿದ ಮೇಲೆ ನನ್ನ ತಂಗಿ ಆಫೀಸಿನವರದ್ದೆಲ್ಲಾ ಸೇರಿಸಿ ಒಂದು ಚೀಲ ತರ್ತೀನಿ ಅಂದಿದ್ದಾಳೆ. ಇಷ್ಟು ಓದಿದ ಮೇಲೆ ತಪ್ಪಿಸಿಕೊಳ್ಳೋಕೆ ಆಗಲ್ಲ ಬಿಡಿ.

ಹೊಸ ಮಿಸ್‌ಗಳಿಗೆ, ಮೇಷ್ಟ್ರುಗಳಿಗೆ ಕೊನೆಯ ಮಾತು. ನಾಳೆ ಕ್ಲಾಸಿಗೆ ಹೋದಾಗ ಗೋಡೆಯ ಮೇಲಿನ ಒಂದು ಚಾರ್ಟು ತೆಗೆದು ನೋಡಿ. ಯಾವ ಮಗು ತಿರುಗಿ ಆ ಖಾಲಿ ಜಾಗ ನೋಡುತ್ತೋ, ಅದರ ಪಕ್ಕ ಹೋಗಿ ಕೂತುಕೊಳ್ಳಿ.